ಶನಿವಾರದ ಶೆಡ್ಡಿಗೊಂದು ಲೆಕ್ಕದ ಪುಸ್ತಕ

ಮೈಸೂರಿನ ಯಾದವಗಿರಿಯಲ್ಲಿ 1961ರಿಂದ ಬೈಕು ತಯಾರಿಸುತ್ತಿದ್ದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಅಲ್ಲಿಂದ ಹೊರಬಂದ ಜಾವಾ, ಯೆಜ್ಡಿಗಳು ಮಾತ್ರ ಇನ್ನೂ ರಸ್ತೆ ಬಿಟ್ಟಿಲ್ಲ. ಪ್ರತಿವರ್ಷ ಜುಲೈ ಎರಡನೇ ಭಾನುವಾರ, ಅಂತರರಾಷ್ಟ್ರೀಯ ಜಾವಾ ದಿನದಂದು, ಅವು ಸಾಲುಗಟ್ಟಿ ಹೊರಡುತ್ತವೆ. ಅಪ್ಪ ಓಡಿಸಿದ ಬೈಕನ್ನು ಮಗ ಓಡಿಸುತ್ತಾನೆ, ಕೆಲವು ಮನೆಗಳಲ್ಲಿ ಮೊಮ್ಮಗ. ಆದರೆ ಈ ಬೈಕುಗಳ ಪಾಯಿಂಟ್ ಸೆಟ್ ಮಾಡಬಲ್ಲ ಹಳೆಯ ಮೆಕ್ಯಾನಿಕ್‌ಗಳಿಗೆ ವಯಸ್ಸಾಗುತ್ತಿದೆ. 2020ರ ಏಪ್ರಿಲ್‌ನಲ್ಲಿ ಹೊಗೆ ನಿಯಂತ್ರಣದ ಬಿಎಸ್-6 ನಿಯಮ ಬಂದ ಮೇಲೆ ಕೆಲಸಕ್ಕೆ ಸೇರಿದ ಹುಡುಗರು ಕಲಿತದ್ದು ಫ್ಯುಯೆಲ್ ಇಂಜೆಕ್ಷನ್ ಮತ್ತು ಸ್ಕ್ಯಾನರ್. ಕಾರ್ಬೊರೇಟರ್ ಬಿಚ್ಚಿ ಜೆಟ್ ಊದಿ ಕೂರಿಸುವ ಕೈ ಹುಡುಕುವುದು ಕಷ್ಟವಾಗುತ್ತಿದೆ.

ಹವ್ಯಾಸಕ್ಕಾಗಿ ಬೈಕು ಬಿಚ್ಚುತ್ತಿದ್ದವರಿಗೆ ಸಂಪಾದನೆಯ ದಾರಿ ತೆರೆದುಕೊಂಡಿರುವುದು ಇಲ್ಲೇ. ಈ ಅಂಕಣಕಾರರೂ ಅಂಥವರಲ್ಲೊಬ್ಬರು. ಮೈಸೂರಿನಲ್ಲಿ ವಾರವಿಡೀ ಆಫೀಸು. ಶನಿವಾರ ಮಧ್ಯಾಹ್ನದಿಂದ ಮನೆಯ ಹಿಂದಿನ ಶೆಡ್ಡು. ಮೊದಲು ಸ್ವಂತ ಯೆಜ್ಡಿ, ಆಮೇಲೆ ಗೆಳೆಯರದ್ದು, ಬಳಿಕ ಗೆಳೆಯರ ಗೆಳೆಯರದ್ದು. ಗುರುತಿಲ್ಲದ ಒಬ್ಬರು ಬೈಕು ತಂದು ನಿಲ್ಲಿಸಿ ‘ಎಷ್ಟಾಗುತ್ತೆ ಸಾರ್?’ ಎಂದು ಕೇಳಿದ ದಿನ ಹವ್ಯಾಸ ವ್ಯವಹಾರವಾಯಿತು.

ಆ ಪ್ರಶ್ನೆಗೆ ಉತ್ತರ ಕೊಡುವುದರಲ್ಲಿಯೇ ಇಂಥ ಉಪಕಸುಬುಗಳ ಅರ್ಧ ಭವಿಷ್ಯವಿದೆ. ಹವ್ಯಾಸಿಗೆ ಸ್ಪೇರ್ ಪಾರ್ಟ್‌ನ ಬೆಲೆ ಕಾಣುತ್ತದೆ, ಆಯಿಲ್‌ನ ಬೆಲೆ ಕಾಣುತ್ತದೆ, ಸ್ವಂತ ಗಂಟೆಗಳ ಬೆಲೆ ಕಾಣುವುದಿಲ್ಲ. ಇಷ್ಟಪಟ್ಟು ಮಾಡುವ ಕೆಲಸಕ್ಕೆ ದುಡ್ಡು ಕೇಳಲು ಬಾಯಿ ಬರುವುದಿಲ್ಲ. ‘ನೀವೇ ನೋಡಿ ಕೊಡಿ’ ಎನ್ನುವ ಮಾತು ಬೇಗ ಬರುತ್ತದೆ.

ಒಂದು ಉದಾಹರಣೆ ಲೆಕ್ಕ ಹಾಕೋಣ. ಯೆಜ್ಡಿಯ ಒಂದು ಒಳ್ಳೆಯ ಟ್ಯೂನಿಂಗ್ ಎಂದರೆ ಪಾಯಿಂಟ್ ಉಜ್ಜಿ ಅಂತರವನ್ನು 0.4 ಮಿಲಿಮೀಟರ್ ಆಸುಪಾಸಿಗೆ ತರಬೇಕು, ಕಾರ್ಬೊರೇಟರ್ ಶುಚಿ ಮಾಡಬೇಕು, ಎರಡೂ ಸೈಲೆನ್ಸರ್‌ಗಳ ಒಳಗೆ ಕಟ್ಟಿದ ಮಸಿ ತೆಗೆಯಬೇಕು, ಚೈನ್ ಬಿಗಿಸಬೇಕು. ಗೇರ್ ಹಾಕುವ ಲಿವರೇ ಕ್ಲಚ್ಚನ್ನೂ ಬಿಡಿಸುವ ಬೈಕು ಇದು, ಆ ಹೊಂದಾಣಿಕೆಯನ್ನೂ ನೋಡಬೇಕು. ಬೈಕಿನ ಮುಂದೆ ಕೂತ ಹೊತ್ತು ಮೂರು ಗಂಟೆ. 700 ರೂಪಾಯಿ ಲೇಬರ್ ಪಡೆದರೆ ಗಂಟೆಗೆ 233 ಬಿತ್ತು ಅನಿಸುತ್ತದೆ. ಆದರೆ ಮಾಲೀಕರೊಂದಿಗೆ ಫೋನಿನಲ್ಲಿ ಮಾತು, ಪಾರ್ಟ್ಸ್ ತರಲು ಓಡಾಟ, ಟೆಸ್ಟ್ ರೈಡ್, ಶೆಡ್ ತೊಳೆಯುವುದು ಸೇರಿದರೆ ಅದೇ ಕೆಲಸ ಐದು ಗಂಟೆಯದು. ತೊಳೆಯಲು ಬಳಸಿದ ಪೆಟ್ರೋಲು, ಕಾಟನ್ ವೇಸ್ಟ್, ಎಮರಿ ಪೇಪರ್, ಗ್ರೀಸು ಎಂದು 100 ರೂಪಾಯಿ ಕಳೆಯಿರಿ. ಉಳಿದದ್ದು ಗಂಟೆಗೆ 120. ತಿಂಗಳಿಗೆ 200 ಗಂಟೆ ದುಡಿದು 40,000 ಸಂಬಳ ಪಡೆಯುವವರ ಆಫೀಸಿನ ಗಂಟೆಯ ಬೆಲೆ 200. ಅಂದರೆ ವಾರದ ರಜೆ ಐದರಲ್ಲಿ ಮೂರು ಪಾಲು ಬೆಲೆಗೆ ಹೋಯಿತು.

ಇದಕ್ಕೆ ರೇಟು ಏರಿಸುವುದೊಂದೇ ಪರಿಹಾರ ಎಂದು ಅಂಕಣಕಾರರಿಗೆ ಅನಿಸುವುದಿಲ್ಲ. ಸ್ಪ್ಯಾನರ್ ಹಿಡಿಯದ ಗಂಟೆಗಳನ್ನು ಮೊದಲು ಕಡಿಮೆ ಮಾಡಬೇಕು. ಬೈಕು ಬರುವ ಮೊದಲೇ ಫೋಟೊ, ವಿಡಿಯೊ ತರಿಸಿಕೊಂಡು ಬೇಕಾದ ಪಾರ್ಟ್‌ಗಳ ಪಟ್ಟಿ ಮಾಡಿದರೆ ಅಂಗಡಿಗೆ ಒಂದೇ ಸಲ ಹೋದರೆ ಸಾಕು. ಒಂದು ಶನಿವಾರಕ್ಕೆ ಒಂದೇ ಬೈಕು ಎಂದು ದಿನ ಕೊಟ್ಟರೆ ಗೇಟಿನ ಬಳಿ ನಿಂತು ಹರಟುವ ಹೊತ್ತು ಇಳಿಯುತ್ತದೆ. ಐದು ಗಂಟೆ ನಾಲ್ಕಕ್ಕೆ ಇಳಿದು, ಲೇಬರ್ 900 ಆದರೆ, ಖರ್ಚು ಕಳೆದು ಗಂಟೆಗೆ 200 ಕೈಯಲ್ಲಿ ನಿಲ್ಲುತ್ತದೆ. ಮಾಡಿದ ಕೆಲಸಗಳನ್ನು ಒಂದೊಂದಾಗಿ ಬರೆದ ಜಾಬ್ ಕಾರ್ಡ್ ಕೈಗಿಟ್ಟರೆ ಈ 900ಕ್ಕೆ ಯಾರೂ ಮುಖ ಸಿಂಡರಿಸುವುದಿಲ್ಲ. ಬಾಯಿಮಾತಿನಲ್ಲಿ ಹೇಳಿದ 700ಕ್ಕೆ ಚೌಕಾಸಿ ನಡೆಯುತ್ತದೆ.

ಬಿಡಿಭಾಗಗಳ ವಿಷಯದಲ್ಲಿ ಗ್ಯಾರೇಜುಗಳ ಪದ್ಧತಿ ಬೇರೆ. ಅಲ್ಲಿ ಪಾರ್ಟ್ ಮೇಲಿನ ಕಮಿಷನ್ನೂ ಆದಾಯದ ಭಾಗ. ಶನಿವಾರದ ಶೆಡ್ಡಿಗೆ ಅದು ಬೇಡ. ಅಂಗಡಿಯ ಬಿಲ್ಲನ್ನು ಇದ್ದಂತೆಯೇ ಗಿರಾಕಿಗೆ ಕೊಟ್ಟು, ತಂದುಕೊಟ್ಟ ಶ್ರಮಕ್ಕೆ ಬೇರೆ ಹಣ ಪಡೆಯುವುದು ನೇರವಾದ ದಾರಿ. ಹಳೆಯ ಜಾವಾ, ಯೆಜ್ಡಿಗಳಿಗಂತೂ ಇದು ಇನ್ನೂ ಮುಖ್ಯ. ಮೂಲ ಕಂಪನಿ ಮುಚ್ಚಿರುವುದರಿಂದ ಸಿಗುವುದೆಲ್ಲ ಬೇರೆಯವರು ಮಾಡಿದ ಪಾರ್ಟ್, ಇಲ್ಲವೇ ಗುಜರಿಯಿಂದ ಆಯ್ದದ್ದು, ಇಲ್ಲವೇ ಯಾರೋ ಜೋಪಾನ ಮಾಡಿಟ್ಟ ಹಳೇ ಸ್ಟಾಕು. ಬೆಂಗಳೂರಿನ ಜೆ.ಸಿ. ರಸ್ತೆಯ ಒಂದು ಅಂಗಡಿಯಲ್ಲಿ ಚೆನ್ನಾಗಿ ಕೂರುವ ಕ್ಲಚ್ ಪ್ಲೇಟ್ ಸಿಕ್ಕರೆ ಪಕ್ಕದ ಅಂಗಡಿಯದು ವಾರಕ್ಕೇ ಜಾರತೊಡಗಬಹುದು. ಯಾವ ಪಾರ್ಟ್, ಎಲ್ಲಿಯದು, ಎಷ್ಟಕ್ಕೆ ಎಂಬುದು ಮಾಲೀಕರಿಗೆ ಗೊತ್ತಿದ್ದರೆ ಜಗಳಕ್ಕೆ ಜಾಗವಿಲ್ಲ. ಪಾರ್ಟ್ಸ್ ಹಣವನ್ನು ಮುಂಗಡವಾಗಿಯೇ ತೆಗೆದುಕೊಳ್ಳಬೇಕು. ಸ್ವಂತ ಸಂಬಳದ ದುಡ್ಡು ಬೇರೆಯವರ ಪಿಸ್ಟನ್ನಿನಲ್ಲಿ ಸಿಕ್ಕಿಹಾಕಿಕೊಳ್ಳಬಾರದು.

ಯಾವ ಕೆಲಸ ಬೇಡ ಎನ್ನುವುದೂ ಹಣದ ಪ್ರಶ್ನೆಯೇ. ಕ್ರ್ಯಾಂಕ್ ಬಿಚ್ಚುವ ಕೆಲಸಕ್ಕೆ ಪ್ರೆಸ್ ಬೇಕು, ಬೋರಿಂಗಿಗೆ ಲೇತ್ ಬೇಕು. ಅದನ್ನು ನುರಿತ ಲೇತ್ ಅಂಗಡಿಗೆ ಒಪ್ಪಿಸಿ, ಬಿಚ್ಚುವ ಮತ್ತು ಜೋಡಿಸುವ ಕೆಲಸದ ಲೇಬರ್ ಮಾತ್ರ ಇಟ್ಟುಕೊಳ್ಳುವುದು ಜಾಣತನ. ಸದ್ದು ಮಾಡುವ ಸೈಲೆನ್ಸರ್ ಹಾಕಿಕೊಡಿ ಎಂದು ಬರುವ ಹುಡುಗರಿಗೆ ಖಡಾಖಂಡಿತ ಇಲ್ಲ ಎನ್ನಬೇಕು. ಅದು ಕಾನೂನಿಗೆ ವಿರುದ್ಧ, ನೆರೆಹೊರೆಯವರಿಗೂ ಹಿಂಸೆ. ಹಳೆ ಬೈಕು ಕೊಂಡು, ರಿಪೇರಿ ಮಾಡಿ ಮಾರುವ ಆಸೆ ಪ್ರತಿಯೊಬ್ಬ ಹವ್ಯಾಸಿಗೂ ಬರುತ್ತದೆ. ಬಂಡವಾಳ ತಿಂಗಳುಗಟ್ಟಲೆ ಕೂರುವುದು ಒಂದು ತೊಂದರೆ. ಅದಕ್ಕಿಂತ ದೊಡ್ಡದು, ನೋಂದಾಯಿತ ಹಳೆ ವಾಹನಗಳ ವ್ಯಾಪಾರ ಮಾಡುವವರು ಸಾರಿಗೆ ಇಲಾಖೆಯಿಂದ ಅಧಿಕೃತ ಡೀಲರ್ ಎಂಬ ಪತ್ರ ಪಡೆಯಬೇಕೆಂಬ ನಿಯಮ 2023ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಅಷ್ಟು ದೂರ ಹೋಗುವವರು ಪೂರ್ತಿಯಾಗಿ ಆ ವ್ಯಾಪಾರಕ್ಕೇ ಇಳಿಯಬೇಕಾಗುತ್ತದೆ.

ಪ್ರೀತಿ ಯೆಜ್ಡಿಯ ಮೇಲಿದ್ದರೂ ತಿಂಗಳ ಖರ್ಚು ಹೊರುವುದು ಸ್ಪ್ಲೆಂಡರ್. 1994ರಲ್ಲಿ ಬಂದ ಆ 97.2 ಸಿಸಿ ಬೈಕು ಇಲ್ಲದ ಬೀದಿ ಕರ್ನಾಟಕದಲ್ಲಿ ಸಿಗುವುದು ಅಪರೂಪ. ಆಯಿಲ್ ಬದಲಿಸಿ, ಏರ್ ಫಿಲ್ಟರ್ ಕೊಡವಿ, ಟಪೆಟ್ ನೋಡಿ, ಬ್ರೇಕ್ ಶೂ ಉಜ್ಜಿ, ಚೈನಿಗೆ ಆಯಿಲ್ ಬಿಟ್ಟು ಕಳಿಸುವ ಕೆಲಸ ಒಂದೂವರೆ ಗಂಟೆಯಲ್ಲಿ ಮುಗಿಯುತ್ತದೆ. ಪಾರ್ಟ್ಸ್ ಮೂಲೆಯಂಗಡಿಯಲ್ಲೇ ಸಿಗುತ್ತವೆ. ಮೇಲಿನ ಗಂಟೆಯ ಲೆಕ್ಕಕ್ಕೆ ಇಟ್ಟು ನೋಡಿದರೆ, ಎಂಜಿನ್ ಕಳಚಿ ವಾರಗಟ್ಟಲೆ ಹರಡಿಕೊಳ್ಳುವ ಹಳೆ ಬೈಕಿಗಿಂತ ಈ ಸಾದಾ ಸರ್ವಿಸ್ಸೇ ಹೆಚ್ಚು ಕೊಡುತ್ತದೆ. ಅಂಕಣಕಾರರ ಲೆಕ್ಕದ ಪುಸ್ತಕದಲ್ಲಿಯೂ ಇದೇ ಕಾಣುತ್ತದೆ.

ಅದೇ ಪುಸ್ತಕ ಇನ್ನೊಂದು ಸಂಗತಿಯನ್ನೂ ತೋರಿಸುತ್ತದೆ. ಕೆಲಸ ವರ್ಷವಿಡೀ ಒಂದೇ ಸಮನೆ ಬರುವುದಿಲ್ಲ. ಆಯುಧಪೂಜೆಗೆ ಮುಂಚಿನ ಎರಡು ವಾರ ಶೆಡ್ಡಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ; ಕುಂಬಳಕಾಯಿ ಒಡೆಯುವ ಹೊತ್ತಿಗೆ ಬೈಕು ಹೊಳೆಯಬೇಕು ಎಂದು ಎಲ್ಲರಿಗೂ ಅವಸರ. ದಸರಾ ಮುಗಿದ ಮೇಲೆ ಫೋನು ತಣ್ಣಗಾಗುತ್ತದೆ. ಅಕ್ಟೋಬರ್ ಸಂಪಾದನೆಯನ್ನು ನೋಡಿ ಕಂಪ್ರೆಸರ್‌ಗೆ ಸಾಲ ಮಾಡಿದವರಿಗೆ ಡಿಸೆಂಬರ್‌ನಲ್ಲಿ ಕಂತು ಭಾರವಾಗುತ್ತದೆ. ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50,000 ರೂಪಾಯಿವರೆಗೆ ಅಡಮಾನವಿಲ್ಲದೆ ಸಾಲ ಸಿಗುತ್ತದೆ ನಿಜ. ಆದರೂ ಮೊದಲ ವರ್ಷ ಉಪಕರಣಗಳು ಕೆಲಸದ ದುಡ್ಡಿನಿಂದಲೇ ಬರಲಿ: ಮೊದಲು ಒಳ್ಳೆಯ ರಿಂಗ್ ಸ್ಪ್ಯಾನರ್ ಸೆಟ್ ಮತ್ತು ಫೀಲರ್ ಗೇಜ್, ನಂತರ ಮ್ಯಾಗ್ನೆಟ್ ಪುಲ್ಲರ್, ಆಮೇಲೆ ಟಾರ್ಕ್ ರೆಂಚ್. ಅಗ್ಗದ ಸ್ಪ್ಯಾನರ್ ಬೋಲ್ಟಿನ ಮೂಲೆ ಸವೆಸಿದರೆ ಆ ನಷ್ಟ ಸ್ಪ್ಯಾನರಿನ ಬೆಲೆಗಿಂತ ಹೆಚ್ಚು.

ಕಂಪ್ರೆಸರ್ ಬಂದ ದಿನ ವಿದ್ಯುತ್ತಿನ ಪ್ರಶ್ನೆಯೂ ಬರುತ್ತದೆ. ಗೃಹಜ್ಯೋತಿ ಯೋಜನೆಯ 200 ಯೂನಿಟ್‌ವರೆಗಿನ ಉಚಿತ ವಿದ್ಯುತ್ ಮನೆ ಬಳಕೆಗೆ ಮಾತ್ರ. ಮನೆ ಮೀಟರಿನಿಂದ ವ್ಯಾಪಾರ ನಡೆಸಿದರೆ 2003ರ ವಿದ್ಯುತ್ ಕಾಯ್ದೆಯಂತೆ ಅದು ಅನಧಿಕೃತ ಬಳಕೆ. ಚೆಸ್ಕಾಂ ಕಚೇರಿಯಲ್ಲಿ ಮೊದಲೇ ವಿಚಾರಿಸುವುದು ಒಳ್ಳೆಯದು. ಪಾಲಿಕೆಯ ಉದ್ದಿಮೆ ಪರವಾನಗಿಯ ಬಗ್ಗೆಯೂ ಹಾಗೆಯೇ. ತೆಗೆದ ಹಳೆ ಆಯಿಲ್ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಬರುತ್ತದೆ. ಅದನ್ನು ಕ್ಯಾನಿನಲ್ಲಿ ತುಂಬಿಟ್ಟು ನೋಂದಾಯಿತ ಮರುಬಳಕೆದಾರರಿಗೆ ಸೇರುವಂತೆ ನೋಡಿಕೊಳ್ಳಬೇಕು. ಚರಂಡಿಗೆ ಸುರಿದರೆ ಅದು ಕೆರೆಗೇ ಹೋಗಿ ಸೇರುತ್ತದೆ. ಸರ್ಕಾರಿ ನೌಕರರು ಅನುಮತಿಯಿಲ್ಲದೆ ಖಾಸಗಿ ವ್ಯಾಪಾರ ಮಾಡುವಂತಿಲ್ಲ. ಖಾಸಗಿ ಕಂಪನಿಯವರು ನೇಮಕಾತಿ ಪತ್ರವನ್ನು ತೆರೆದು ಓದಲಿ.

ಈಗ ತೆರಿಗೆ. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟಿನ ಆಧಾರದ ಮೇಲೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದಾಗ ಬೆಂಗಳೂರಿನ ಎಷ್ಟೋ ಅಂಗಡಿಗಳು ಕ್ಯೂಆರ್ ಕೋಡ್ ಕಿತ್ತು ನಗದಿಗೆ ಮರಳಿದವು. ಆ ಭಯ ಶನಿವಾರದ ಮೆಕ್ಯಾನಿಕ್‌ಗೆ ಬೇಕಿಲ್ಲ. ಸೇವೆ ಕೊಡುವವರಿಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಾಗುವುದು ವರ್ಷದ ವಹಿವಾಟು 20 ಲಕ್ಷ ದಾಟಿದಾಗ. 40 ಲಕ್ಷದ ಮಿತಿ ಸರಕು ಮಾತ್ರ ಮಾರುವವರಿಗೆ; ರಿಪೇರಿಯೂ ಇದ್ದರೆ 20 ಲಕ್ಷವನ್ನೇ ನೆನಪಿಡಬೇಕು. ನೋಂದಣಿ ಇಲ್ಲದವರು ಬಿಲ್ಲಿನಲ್ಲಿ ಜಿಎಸ್‌ಟಿ ಎಂದು ಬರೆದು ಹಣ ಪಡೆಯುವಂತಿಲ್ಲ. ಸಂಬಳದ ಖಾತೆಯನ್ನು ಮುಟ್ಟದೆ ಬೇರೊಂದು ಉಳಿತಾಯ ಖಾತೆ ತೆರೆದು, ಶೆಡ್ಡಿನ ಕ್ಯೂಆರ್ ಕೋಡನ್ನು ಅದಕ್ಕೇ ಜೋಡಿಸಿದರೆ ವರ್ಷದ ಲೆಕ್ಕ ತಾನಾಗಿಯೇ ಬೇರೆಯಾಗಿ ನಿಲ್ಲುತ್ತದೆ.

ಆದಾಯ ತೆರಿಗೆಯಲ್ಲಿ ಸ್ವಲ್ಪ ಹೆಚ್ಚು ಎಚ್ಚರ ಬೇಕು. ವ್ಯಾಪಾರದ ಆದಾಯ ಇರುವವರು ಸಂಬಳದಾರರ ಸರಳ ಫಾರಂ ಐಟಿಆರ್-1 ಸಲ್ಲಿಸುವಂತಿಲ್ಲ. ಸಣ್ಣ ವ್ಯಾಪಾರಕ್ಕೆ ಅಂದಾಜು ಆದಾಯ ಯೋಜನೆಯಿದೆ: ಬ್ಯಾಂಕು, ಯುಪಿಐ ಮೂಲಕ ಬಂದ ಹಣದ ಮೇಲೆ ಕನಿಷ್ಠ ಶೇ 6, ನಗದಿನ ಮೇಲೆ ಕನಿಷ್ಠ ಶೇ 8 ಲಾಭ ತೋರಿಸಿ ಐಟಿಆರ್-4ರಲ್ಲಿ ಮುಗಿಸಬಹುದು. ಲೇಬರ್ ಪ್ರಧಾನವಾದ ಈ ಕೆಲಸದಲ್ಲಿ ನಿಜವಾದ ಲಾಭ ಶೇ 6ಕ್ಕಿಂತ ಎಷ್ಟೋ ಹೆಚ್ಚು. ಹೆಚ್ಚು ಬಂದಾಗ ಹೆಚ್ಚನ್ನೇ ತೋರಿಸುವುದು ಸರಿ ಎಂಬುದು ಅಂಕಣಕಾರರ ದೃಢ ಅಭಿಪ್ರಾಯ. ಮುಂದೆ ಗೃಹಸಾಲಕ್ಕೆ ಬ್ಯಾಂಕಿಗೆ ಹೋದಾಗ ಮಾತನಾಡುವುದೂ ಈ ರಿಟರ್ನ್‌ಗಳೇ. ಇನ್ನೊಂದು ಸೂಕ್ಷ್ಮ ಇಲ್ಲಿದೆ. ಸಂಬಳ ಮಾತ್ರ ಇರುವವರು ಹಳೆ, ಹೊಸ ತೆರಿಗೆ ಪದ್ಧತಿಗಳ ನಡುವೆ ಪ್ರತಿವರ್ಷ ಆಯ್ಕೆ ಬದಲಿಸಬಹುದು. ವ್ಯಾಪಾರದ ಆದಾಯ ಸೇರಿದರೆ ಆ ಸ್ವಾತಂತ್ರ್ಯ ಇರುವುದಿಲ್ಲ. ಹಳೆ ಪದ್ಧತಿಗೆ ಹೋದವರು ಹೊಸದಕ್ಕೆ ಮರಳಲು ಸಿಗುವುದು ಒಂದೇ ಅವಕಾಶ. ಗೃಹಸಾಲದ ಬಡ್ಡಿ, ವಿಮೆ ಎಂದು ಹಳೆ ಪದ್ಧತಿಯಲ್ಲಿರುವವರು ಮೊದಲ ಬಿಲ್ ಬರೆಯುವ ಮುನ್ನ ಆಡಿಟರ್ ಬಳಿ ಒಮ್ಮೆ ಕುಳಿತು ಬರಬೇಕು. ಸಂಬಳದಲ್ಲಿ ಕಡಿತವಾದ ಟಿಡಿಎಸ್ ಕಳೆದ ಮೇಲೂ ಕಟ್ಟಬೇಕಾದ ತೆರಿಗೆ 10,000 ಅಥವಾ ಹೆಚ್ಚಿದ್ದರೆ ಮುಂಗಡ ತೆರಿಗೆ ಬೀಳುತ್ತದೆ. ಅಂದಾಜು ಯೋಜನೆಯವರಿಗೆ ಅದರ ಗಡುವು ಮಾರ್ಚ್ 15.

ಸಣ್ಣ ಉದ್ದಿಮೆಗಳಿಗಾಗಿ ಇರುವ ಉದ್ಯಮ್ ನೋಂದಣಿ 2020ರ ಜುಲೈ 1ರಿಂದ ಆನ್‌ಲೈನ್‌ನಲ್ಲೇ ಇದೆ. ಆಧಾರ್, ಪ್ಯಾನ್ ಇದ್ದರೆ ಸಾಕು, ಸರ್ಕಾರ ಅದಕ್ಕೆ ಶುಲ್ಕ ಪಡೆಯುವುದಿಲ್ಲ. ಸಾವಿರಾರು ರೂಪಾಯಿ ಕೇಳುವ ಏಜೆಂಟರಿಗೆ ಕೊಡುವ ಹಣದಲ್ಲಿ ಒಂದು ಟಾರ್ಕ್ ರೆಂಚ್ ಬರುತ್ತದೆ.

ಕೈ ಇನ್ನೂ ಪಳಗಿಲ್ಲ ಎಂದುಕೊಳ್ಳುವವರಿಗೆ ಉಜಿರೆಯಲ್ಲಿ 1982ರಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆ ಮತ್ತು ಅದೇ ಮಾದರಿಯಲ್ಲಿ ಬ್ಯಾಂಕುಗಳು ಜಿಲ್ಲೆಗಳಲ್ಲಿ ನಡೆಸುವ ಸ್ವಉದ್ಯೋಗ ತರಬೇತಿ ಕೇಂದ್ರಗಳಿವೆ. ದ್ವಿಚಕ್ರ ವಾಹನ ರಿಪೇರಿ ತರಬೇತಿ ಊಟ, ವಸತಿ ಸಹಿತ ಉಚಿತ. ಅಲ್ಲಿ ಎಂಜಿನ್ ಜೊತೆಗೆ ಲೆಕ್ಕ ಬರೆಯುವುದನ್ನೂ ಹೇಳಿಕೊಡುತ್ತಾರೆ.

ಶನಿವಾರದ ಸಂಪಾದನೆ ಚೆನ್ನಾಗಿದೆ ಎಂದು ನೌಕರಿ ಬಿಡುವ ಯೋಚನೆಯಲ್ಲಿರುವವರಿಗೆ ಅಂಕಣಕಾರರ ಕೋರಿಕೆ ಇಷ್ಟೇ. ಒಂದು ಆಯುಧಪೂಜೆಯಿಂದ ಮುಂದಿನ ಆಯುಧಪೂಜೆಯವರೆಗೆ ಪ್ರತಿ ಬೈಕಿನ ಗಂಟೆ, ಲೇಬರ್, ಖರ್ಚು ಬರೆದಿಡಿ. ಆ ಪುಸ್ತಕವನ್ನು ಮನೆಯವರ ಮುಂದಿಟ್ಟು, ಖಾಲಿ ತಿಂಗಳುಗಳ ಪುಟಗಳನ್ನು ಮೊದಲು ತೋರಿಸಿ, ಆಮೇಲೆ ರಾಜೀನಾಮೆಯ ಮಾತೆತ್ತಿ.