ಮೂರು ಮಿಲಿಲೀಟರ್‌ನ ಲೆಕ್ಕ

ಪೆಟ್ರೋಲ್ ಕೆಡದಂತೆ ತಡೆಯುವ ಸ್ಟೆಬಿಲೈಸರ್ ಹೆಚ್ಚು ಖರ್ಚಾಗುವುದು ಹಿಮ ಬೀಳುವ ದೇಶಗಳಲ್ಲಿ. ನವೆಂಬರಿನಲ್ಲಿ ಶೆಡ್ಡಿಗೆ ತಳ್ಳಿದ ಬೈಕು ಅಲ್ಲಿ ಹೊರಬರುವುದು ಚಳಿ ಕಳೆದ ಮೇಲೆಯೇ. ಹನೂರು ತಾಲ್ಲೂಕಿನ ನಮ್ಮ ಬಂಡಳ್ಳಿಯಲ್ಲಿ ಹಿಮವಿಲ್ಲ, ಆದರೂ ಯಂತ್ರಗಳು ತಿಂಗಳುಗಟ್ಟಲೆ ಮೂಲೆ ಹಿಡಿಯುವುದು ಇಲ್ಲೂ ಇದೆ. ಹನೂರು, ಕೊಳ್ಳೇಗಾಲದ ಕಡೆ ಮಳೆ ಜೋರಾಗುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಕಳೆ ಕೊಚ್ಚುವ ಬ್ರಷ್ ಕಟರ್‌ಗೂ ಬೆನ್ನಿಗೆ ಹೊರುವ ಪವರ್ ಸ್ಪ್ರೇಯರ್‌ಗೂ ಆಗ ಕೈತುಂಬ ಕೆಲಸ. ಮಳೆಯನ್ನೇ ನಂಬಿದ ಹೊಲಗಳಲ್ಲಿ ಸುಗ್ಗಿ ಮುಗಿಯಿತೆಂದರೆ ಮುಂದಿನ ಮಳೆಯವರೆಗೆ ಅವನ್ನು ಕೇಳುವವರಿಲ್ಲ. ಕೃಷಿ ಇಲಾಖೆಯ ಯಾಂತ್ರೀಕರಣ ಯೋಜನೆಯಲ್ಲಿ ಇಂಥ ಯಂತ್ರಗಳಿಗೆ ಸಾಮಾನ್ಯ ವರ್ಗದವರಿಗೆ ಶೇ 50, ಪರಿಶಿಷ್ಟರಿಗೆ ಶೇ 90ರವರೆಗೆ ಸಹಾಯಧನ ಉಂಟು. ಆದರೆ ಅದು ಕೊಳ್ಳುವುದಕ್ಕೆ ಮಾತ್ರ, ರಿಪೇರಿಯ ಖರ್ಚು ಪೂರ್ತಿ ನಮ್ಮದೇ. ಹಾಗಾದರೆ ಕೆಲವು ನೂರು ರೂಪಾಯಿ ಕೊಟ್ಟು ಸ್ಟೆಬಿಲೈಸರ್ ಬಾಟಲಿ ತರುವುದು ಜಾಣತನವೇ? ಹೆಚ್ಚಿನವರಿಗೆ ಅಲ್ಲ ಎಂಬುದು ನನ್ನ ಲೆಕ್ಕ. ಪೆಟ್ರೋಲನ್ನು ಹೊರತೆಗೆಯಲು ಆಗದ ಕಡೆ ಮಾತ್ರ ಆ ಹಣಕ್ಕೆ ಅರ್ಥವಿದೆ.

ಪೆಟ್ರೋಲ್ ಕೆಡುವ ಬಗೆ ಮೂರು. ಮೊದಲನೆಯದಾಗಿ, ಅದರ ಹಗುರವಾದ ಅಂಶ ಆವಿಯಾಗಿ ಹೋಗುತ್ತದೆ. ಎಂಜಿನ್ ತಣ್ಣಗಿದ್ದಾಗ ಹೊತ್ತಿಕೊಳ್ಳುವುದೇ ಆ ಅಂಶದಿಂದ. ಎರಡನೆಯದಾಗಿ, ಉಳಿದದ್ದು ಗಾಳಿಯ ಆಮ್ಲಜನಕದ ಜತೆ ಸೇರಿ ಅಂಟಾಗುತ್ತದೆ. ಕಾರ್ಬೊರೇಟರ್‌ನ ತಳದಲ್ಲಿ ನಿಲ್ಲುವ ನಾಲ್ಕು ಹನಿ ಪೆಟ್ರೋಲ್ ಒಣಗಿ ಕಂದು ಪೊರೆ ಕಟ್ಟಿ, ಸೂಜಿಮೊನೆಯಷ್ಟು ಸಣ್ಣ ಜೆಟ್‌ನ ತೂತನ್ನು ಮುಚ್ಚಿದರೆ ಮುಗಿಯಿತು, ಎಷ್ಟು ಹಗ್ಗ ಎಳೆದರೂ ಎಂಜಿನ್ ಕೆಮ್ಮುವುದಿಲ್ಲ. ಮೂರನೆಯದು ನೀರು. ಈಗ ಬಂಕಿನಲ್ಲಿ ಸಿಗುವುದು ಶೇ 20ರವರೆಗೆ ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್ ಗಾಳಿಯ ತೇವ ಹೀರುತ್ತದೆ, ಮಿತಿಮೀರಿ ಹೀರಿದಾಗ ನೀರಿನ ಸಮೇತ ಬೇರ್ಪಟ್ಟು ಟ್ಯಾಂಕಿನ ತಳಕ್ಕಿಳಿಯುತ್ತದೆ. ಎಂಜಿನ್ ಪೆಟ್ರೋಲ್ ಹೀರುವುದೂ ತಳದಿಂದಲೇ. ಎಥನಾಲ್ ಬಗ್ಗೆ ಭಯ ಹುಟ್ಟಿಸುವವರು ಬಿಟ್ಟುಬಿಡುವ ಮಾತೊಂದಿದೆ: ಈ ಬೇರ್ಪಡುವಿಕೆಗೆ ತೇವ ಬೇಕು. ಫೆಬ್ರುವರಿಯಿಂದ ಏಪ್ರಿಲ್‌ವರೆಗಿನ ನಮ್ಮ ಒಣ ಬಿಸಿಲಿನಲ್ಲಿ ಅದಕ್ಕಿಂತ ಆವಿ ಮತ್ತು ಅಂಟಿನ ಕಾಟವೇ ಹೆಚ್ಚು.

ಸ್ಟೆಬಿಲೈಸರ್ ಮುಖ್ಯವಾಗಿ ತಡೆಯುವುದು ಅಂಟನ್ನು. ಕೆಟ್ಟ ಪೆಟ್ರೋಲನ್ನು ಅದು ಸರಿಮಾಡುವುದಿಲ್ಲ, ಬೇರ್ಪಟ್ಟ ನೀರನ್ನು ಮತ್ತೆ ಬೆರೆಸುವುದೂ ಇಲ್ಲ. ಹೊಸ ಪೆಟ್ರೋಲಿಗೆ ಹಾಕಿ, ಎಂಜಿನ್ ಐದು ಹತ್ತು ನಿಮಿಷ ಓಡಿಸಿ, ಅದು ಕಾರ್ಬೊರೇಟರ್‌ವರೆಗೆ ಹೋದರಷ್ಟೇ ಕೆಲಸ ಮಾಡೀತು. ಇನ್ನು ಪ್ರಮಾಣಕ್ಕೆ ಬನ್ನಿ. ಅಮೆರಿಕದಲ್ಲಿ ಹೆಸರಾದ ಸ್ಟಾ-ಬಿಲ್ ಹಾಕಬೇಕಾದದ್ದು ಎರಡೂವರೆ ಗ್ಯಾಲನ್‌ಗೆ ಒಂದು ಔನ್ಸ್, ಅಂದರೆ ಲೀಟರಿಗೆ ಸುಮಾರು 3 ಮಿಲಿಲೀಟರ್. ಬ್ರಷ್ ಕಟರ್ ಟ್ಯಾಂಕಿಗೆ ಹಿಡಿಸುವುದು ಹೆಚ್ಚೆಂದರೆ ಒಂದು ಲೀಟರ್ ಆಸುಪಾಸು. ಎಂಟು ಔನ್ಸಿನ ಬಾಟಲಿ 75 ಲೀಟರಿಗೆ ಸಾಕು. ಮುಚ್ಚಳ ತೆರೆದ ಬಾಟಲಿಗೆ ಎರಡು ವರ್ಷ ಆಯಸ್ಸು ಅಂದುಕೊಂಡರೆ, ಒಂದೇ ಯಂತ್ರವಿರುವ ಮನೆಯವರು ಎರಡು ಬೇಸಿಗೆಗೆ ಆರು ಮಿಲಿಲೀಟರ್ ಬಳಸಿ ಮಿಕ್ಕದ್ದನ್ನು ಚೆಲ್ಲಬೇಕು. ನೂರು ರೂಪಾಯಿ ದಾಟಿದ ಒಂದು ಲೀಟರ್ ಪೆಟ್ರೋಲನ್ನು ಕಾಯಲು ಅದರ ಕೆಲವು ಪಟ್ಟು ಖರ್ಚು! ಅದರ ಬದಲು ಟ್ಯಾಂಕನ್ನು ಡಬ್ಬಿಗೆ ಬಗ್ಗಿಸಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿಟ್ಟರೆ ಅಂಟು ಕಟ್ಟಲು ಒಳಗೆ ಹೆಚ್ಚೇನೂ ಉಳಿಯುವುದಿಲ್ಲ. ಫೋರ್ ಸ್ಟ್ರೋಕ್ ಸ್ಪ್ರೇಯರ್‌ನಿಂದ ತೆಗೆದದ್ದನ್ನು ಬೈಕಿಗೇ ಸುರಿಯಬಹುದು. ಟೂ ಸ್ಟ್ರೋಕ್ ಎಣ್ಣೆ ಬೆರೆತದ್ದನ್ನು ಸುರಿಯಬೇಡಿ. ಅದು ಕಳೆ ಕೊಚ್ಚುವ ಕೊನೆಯ ದಿನವೇ ಖರ್ಚಾಗುವಂತೆ ಅಳೆದು ಬೆರೆಸಿಕೊಳ್ಳುವುದು ಮೇಲು.

ಖಾಲಿ ಟ್ಯಾಂಕಿಗೆ ತುಕ್ಕು ಹಿಡಿಯುವುದಿಲ್ಲವೇ ಎಂದು ಕೇಳುವವರಿದ್ದಾರೆ. ತಗಡಿನ ಟ್ಯಾಂಕಾದರೆ ಹಿಡಿಯುತ್ತದೆ, ಆದರೆ ಬ್ರಷ್ ಕಟರ್, ಸ್ಪ್ರೇಯರ್‌ಗಳಲ್ಲಿ ಇರುವುದು ಬಹುಪಾಲು ಪ್ಲಾಸ್ಟಿಕ್ಕು. ಕಾರ್ಬೊರೇಟರ್ ಒಣಗಿದರೆ ಒಳಗಿನ ರಬ್ಬರ್ ಪರದೆ ಗಡುಸಾಗುತ್ತದೆ ಎನ್ನುವುದು ಇದಕ್ಕಿಂತ ಗಟ್ಟಿ ಆಕ್ಷೇಪ, ಅದರಲ್ಲಿ ನಿಜವೂ ಇದೆ. ಆದರೆ ಆ ಪರದೆ ಸಣ್ಣ ಬಿಡಿಭಾಗ. ಅಂಟು ತುಂಬಿದ ಕಾರ್ಬೊರೇಟರ್ ಬಿಚ್ಚಿಸುವ ಕೂಲಿಗೆ, ಕಳೆ ಏಳುವ ವಾರದಲ್ಲಿ ಯಂತ್ರ ಅಂಗಡಿಯಲ್ಲಿ ಕೂರುವ ನಷ್ಟಕ್ಕೆ ಹೋಲಿಸಿದರೆ ಅದು ಖರ್ಚೇ ಅಲ್ಲ. ವಾರಕ್ಕೊಮ್ಮೆ ಎರಡು ನಿಮಿಷ ಸ್ಟಾರ್ಟ್ ಮಾಡಿದರಾಯಿತು ಎಂಬ ಸಲಹೆಯನ್ನು ನಾನು ಒಪ್ಪುವುದಿಲ್ಲ. ಎಂಜಿನ್ ಪೂರ್ತಿ ಬಿಸಿಯಾಗದಿದ್ದರೆ ಉರಿದಾಗ ಹುಟ್ಟಿದ ನೀರಿನ ಹಬೆ ಸೈಲೆನ್ಸರ್‌ನಲ್ಲೇ ಉಳಿಯುತ್ತದೆ, ಪ್ಲಗ್ಗಿಗೆ ಮಸಿ ಹಿಡಿಯುತ್ತದೆ, ಪೆಟ್ರೋಲೂ ಹೋಗುತ್ತದೆ. ಏನೂ ಮಾಡದೆ ಬಿಟ್ಟ ಯಂತ್ರವೂ ಮೊದಲ ಎಳೆತಕ್ಕೇ ಹೊತ್ತಿಕೊಂಡದ್ದುಂಟು. ಒಂದೆರಡು ತಿಂಗಳು ಪೆಟ್ರೋಲ್ ತಡೆಯುತ್ತದೆ, ನಾಲ್ಕು ತಿಂಗಳಾದರೆ ಅದು ಜೂಜು.

ಬೈಕಿನ ಮಾತು ಬೇರೆ. ಹತ್ತು ಲೀಟರಿನ ತಗಡಿನ ಟ್ಯಾಂಕನ್ನು ಬರಿದು ಮಾಡಿದರೆ ತುಕ್ಕು, ಅರ್ಧ ಬಿಟ್ಟರೆ ಒಳಗಿನ ಗಾಳಿಯ ತೇವ. 2020ರ ಏಪ್ರಿಲ್‌ನ ಬಿಎಸ್-6 ನಿಯಮದ ನಂತರ ಬಂದವುಗಳಲ್ಲಿ ಬಹುತೇಕ ಫ್ಯುಯಲ್ ಇಂಜೆಕ್ಷನ್, ಅವುಗಳ ಪಂಪನ್ನು ಪೆಟ್ರೋಲಿಲ್ಲದೆ ಓಡಿಸಬಾರದು. ಇದೇ ಹನೂರು ತಾಲ್ಲೂಕಿನ ಒಡೆಯರಪಾಳ್ಯದ ಟಿಬೆಟಿಯನ್ ಶಿಬಿರದಿಂದ ಚಳಿಗಾಲದಲ್ಲಿ ಸ್ವೆಟರ್ ವ್ಯಾಪಾರಕ್ಕೆ ದೂರದ ಊರುಗಳಿಗೆ ಹೋಗುವವರಿದ್ದಾರೆ. ಕೂಲಿಗೆಂದು ತಿಂಗಳುಗಟ್ಟಲೆ ಊರು ಬಿಡುವವರು ಸುತ್ತಲ ಹಳ್ಳಿಗಳಲ್ಲೂ ಇದ್ದಾರೆ. ಅಂಥವರು ಬೈಕನ್ನು ಮನೆಯಲ್ಲೇ ಬಿಟ್ಟು ಹೋಗುವುದಾದರೆ ಟ್ಯಾಂಕ್ ತುಂಬಿಸಿ 30 ಮಿಲಿಲೀಟರ್ ಸ್ಟೆಬಿಲೈಸರ್ ಹಾಕಿಸುವುದು ಲಾಭವೇ. ನಾಲ್ಕೈದು ಮನೆಯವರು ಸೇರಿ ಒಂದೇ ಬಾಟಲಿ ತಂದರೆ ಅದು ಮುಗಿಯುತ್ತದೆ, ತಲೆಗೆ ಬೀಳುವ ಖರ್ಚು ಒಂದು ಲೀಟರ್ ಪೆಟ್ರೋಲಿನ ಆಸುಪಾಸು. ಬ್ಯಾಟರಿಯ ನೆಗೆಟಿವ್ ತಂತಿಯನ್ನೂ ಬಿಚ್ಚಿಡಬೇಕು. ತಿಂಗಳುಗಟ್ಟಲೆ ನಿಂತ ಬೈಕಿನಲ್ಲಿ ಎಷ್ಟೋ ಸಲ ಮೊದಲು ಸಾಯುವುದು ಬ್ಯಾಟರಿ, ಬೈಗುಳ ತಿನ್ನುವುದು ಪೆಟ್ರೋಲು.