ಸೆಪ್ಸಿಸ್ ರೋಗಿಗಳಲ್ಲಿ ಹೊರ ಅಂಗಗಳ ರಕ್ತಸಂಚಾರದ ನಿಗಾ

ಸೋಂಕಿಗೆ ದೇಹದ ಪ್ರತಿಕ್ರಿಯೆ ಹದ ತಪ್ಪಿ ಅಂಗಾಂಗಗಳು ವಿಫಲವಾಗುವ ಮಾರಣಾಂತಿಕ ಸ್ಥಿತಿಯೇ ಸೆಪ್ಸಿಸ್. ಆಗ ಹೃದಯ, ಮಿದುಳಿಗೆ ರಕ್ತ ಉಳಿಸಲು ಚರ್ಮದ ರಕ್ತನಾಳಗಳು ಸಂಕುಚಿಸುತ್ತವೆ. ಆದ್ದರಿಂದ ರಕ್ತದೊತ್ತಡ ಸರಿಯಿದ್ದರೂ ಕೈಕಾಲು ತಣ್ಣಗಾಗಬಹುದು. ಹೀಗೆ ಕುಗ್ಗಿದ ರಕ್ತಸಂಚಾರವನ್ನು ಸೂಜಿ ಚುಚ್ಚದೆ ಗುರುತಿಸುವ ವಿಧಾನಗಳು:

1. ಲೋಮನಾಳ ಮರುಪೂರಣ ಅವಧಿ: ಬೆರಳ ತುದಿಯನ್ನು ಗಾಜಿನ ಪಟ್ಟಿಯಿಂದ ಬಿಳಿಚುವಂತೆ ಒತ್ತಿ, 10 ಸೆಕೆಂಡು ಹಿಡಿದು ಬಿಡಲಾಗುತ್ತದೆ. ಬಣ್ಣ ಮರಳಲು 3 ಸೆಕೆಂಡಿಗಿಂತ ಹೆಚ್ಚು ಬೇಕಾದರೆ ಅಸಹಜ.

2. ಮಾಟ್ಲಿಂಗ್ ಅಂಕ: ಮೊಣಕಾಲಿನ ಸುತ್ತ ನೇರಳೆ ಕಲೆ ಹರಡಿದಷ್ಟಕ್ಕೆ 0ಯಿಂದ 5ರವರೆಗೆ ಅಂಕ. ಕಪ್ಪು ಚರ್ಮದಲ್ಲಿ ಗುರುತಿಸುವುದು ಕಷ್ಟ.

3. ಪರ್ಫ್ಯೂಷನ್ ಇಂಡೆಕ್ಸ್: ಪಲ್ಸ್ ಆಕ್ಸಿಮೀಟರ್‌ನಲ್ಲಿ ಮಿಡಿಯುವ ಮತ್ತು ಮಿಡಿಯದ ಸಂಕೇತಗಳ ಅನುಪಾತ.

4. ಸಮೀಪ ಅವಕೆಂಪು ರೋಹಿತದರ್ಶನ: ಹೆಬ್ಬೆರಳ ಬುಡದ ಸ್ನಾಯುವಿನಲ್ಲಿ ಆಮ್ಲಜನಕದ ಸಂತೃಪ್ತತೆಯನ್ನು ಬೆಳಕಿನಿಂದ ಅಳೆಯುವುದು.

2019ರಲ್ಲಿ ಪ್ರಕಟವಾದ ಆಂಡ್ರೊಮಿಡಾ-ಶಾಕ್ ಅಧ್ಯಯನ ದಕ್ಷಿಣ ಅಮೆರಿಕದ 5 ದೇಶಗಳ 424 ಸೆಪ್ಟಿಕ್ ಶಾಕ್ (ಸೆಪ್ಸಿಸ್‌ನಿಂದ ರಕ್ತದೊತ್ತಡ ಅಪಾಯಕರವಾಗಿ ಕುಸಿಯುವ ಸ್ಥಿತಿ) ರೋಗಿಗಳನ್ನು ಒಳಗೊಂಡಿತ್ತು. 28 ದಿನಗಳ ಮರಣ ಪ್ರಮಾಣ ಮರುಪೂರಣ ಅವಧಿ ಆಧರಿಸಿದ ಚಿಕಿತ್ಸೆಯಲ್ಲಿ ಶೇ. 34.9, ರಕ್ತದ ಲ್ಯಾಕ್ಟೇಟ್ ಮಟ್ಟ ಆಧರಿಸಿದ ಚಿಕಿತ್ಸೆಯಲ್ಲಿ ಶೇ. 43.4. ಈ ಅಂತರ ಸಂಖ್ಯಾಶಾಸ್ತ್ರೀಯವಾಗಿ ನಿರ್ಣಾಯಕವಾಗಿರಲಿಲ್ಲ.

ಕೋಣೆಯ ಚಳಿ, ಮಂದ ಬೆಳಕು, ವಯಸ್ಸು ಮರುಪೂರಣ ಅವಧಿಯ ಫಲಿತಾಂಶವನ್ನು ಬದಲಿಸಬಲ್ಲವು. 2021ರ ಸರ್ವೈವಿಂಗ್ ಸೆಪ್ಸಿಸ್ ಕ್ಯಾಂಪೇನ್ ಮಾರ್ಗಸೂಚಿಯು ಸೆಪ್ಟಿಕ್ ಶಾಕ್ ಚಿಕಿತ್ಸೆಯಲ್ಲಿ ಇತರ ಮಾಪನಗಳ ಜೊತೆಗೆ ಮರುಪೂರಣ ಅವಧಿಯನ್ನೂ ಬಳಸಲು ಸೂಚಿಸುತ್ತದೆ.