ಎಲೆಯಿಲ್ಲದ ಕೊಂಬೆಯ ಹೂವಿಗೆ ನೀರೆಲ್ಲಿಂದ?

ಪುಣೆಯ ನಿಗಡಿ ಸುತ್ತಮುತ್ತ ಅಕ್ಟೋಬರ್ ಕಳೆದ ಮೇಲೆ ಮಳೆ ಅಪರೂಪ. ಆದರೂ ಫೆಬ್ರುವರಿ, ಮಾರ್ಚ್‌ನಲ್ಲಿ ನೆಲ ಒಣಗಿ ಬಿರಿಯುವಾಗಲೇ ಮುತ್ತುಗ, ಬೂರುಗ, ಹಾಲವಾಣ ಬೋಳು ಕೊಂಬೆಯ ತುಂಬ ಕೆಂಪಗೆ ಅರಳುತ್ತವೆ.

ಗುಟ್ಟಿರುವುದು ಎಲೆ ಉದುರುವುದರಲ್ಲಿ. ಬೇರು ಹೀರಿದ ನೀರಿನ ಬಹುಪಾಲು ಎಲೆಯ ಸೂಕ್ಷ್ಮ ರಂಧ್ರಗಳಿಂದ ಆವಿಯಾಗಿ ಹೋಗುತ್ತದೆ. ಎಲೆ ಉದುರಿದರೆ ಆ ಖರ್ಚು ನಿಂತು, ಆಳದ ಬೇರು ತರುವ ಅಲ್ಪ ನೀರೂ ಕಾಂಡದಲ್ಲೇ ಉಳಿಯುತ್ತದೆ. ಬೂರುಗದಂಥ ಮೆದು ಮರದ ಕಾಂಡವಂತೂ ನೀರಿನ ಕಣಜ. ಕೋಸ್ಟಾರಿಕಾದ ಒಣಕಾಡುಗಳಲ್ಲಿ ಇದನ್ನು ಅಳೆದು ನೋಡಿದ ವಿಜ್ಞಾನಿ ರೋಲ್ಫ್ ಬೋರ್ಚರ್ಟ್, ಕಾಂಡ ಮತ್ತು ಮಣ್ಣಿನ ನೀರೇ ಮರದ ಹೂ-ಚಿಗುರಿನ ಕಾಲ ನಿರ್ಧರಿಸುತ್ತದೆಂದು 1994ರಲ್ಲಿ ತೋರಿಸಿದರು.

ಮೊಗ್ಗಿನೊಳಗೆ ಪಿಷ್ಟ ಸಕ್ಕರೆಯಾಗುತ್ತಿದ್ದಂತೆ ಅದು ಕಾಂಡದ ನೀರನ್ನು ತನ್ನತ್ತ ಸೆಳೆದು ದಳಗಳನ್ನು ಉಬ್ಬಿಸುತ್ತದೆ. ದಳಗಳಲ್ಲಿ ರಂಧ್ರ ಎಲೆಗಿಂತ ಕಡಿಮೆ, ಆಯುಸ್ಸೂ ಕೆಲವೇ ದಿನ. ಹಾಗಾಗಿ ನಷ್ಟ ಮಿತವಾಗಿರುತ್ತದೆ.

ಸೊಲ್ಲಾಪುರ, ವಿಜಯಪುರ, ಬಾಗಲಕೋಟೆಯ ದಾಳಿಂಬೆ ಬೆಳೆಗಾರರು ಬರಗಾಲದ ಈ ಲೆಕ್ಕವನ್ನೇ ತೋಟದಲ್ಲಿ ನಡೆಸುತ್ತಾರೆ. ಅಂಬೆ ಬಹಾರ್ ಎಂಬ ಹೂಹಂಗಾಮು ಹಿಡಿಯುವವರು ನವೆಂಬರ್, ಡಿಸೆಂಬರ್‌ನಲ್ಲಿ ನೀರು ನಿಲ್ಲಿಸಿ ಗಿಡಕ್ಕೆ ವಿಶ್ರಾಂತಿ ಕೊಡುತ್ತಾರೆ. ಎಲೆ ಹಳದಿಯಾಗಿ ಉದುರಿದ ಮೇಲೆ ಸವರಿ, ಗೊಬ್ಬರ ಹಾಕಿ, ಜನವರಿ ಹೊತ್ತಿಗೆ ಮತ್ತೆ ನೀರು ಬಿಡುತ್ತಾರೆ. ಮೊರಡಿ ಮಣ್ಣು ಬೇಗ ಒಣಗುತ್ತದೆ. ಎರೆಭೂಮಿಗೆ ಹೆಚ್ಚು ದಿನ ಬೇಕು. ಮೊದಲ ನೀರು ಹದವಾಗಿರಲಿ, ಆಮೇಲೆ ಹಂತಹಂತವಾಗಿ ಏರಿಸಿ. ಒಮ್ಮೆಲೇ ಹೆಚ್ಚು ಹರಿಸಿದರೆ ಹೂ ಉದುರುವ ಭಯ.

ಮಾವಿನ ಲೆಕ್ಕ ಬೇರೆ. ಅದು ಎಲೆ ಉದುರಿಸುವ ಮರವಲ್ಲ. ಚಳಿ ಮತ್ತು ಒಣಗಾಳಿಯ ದಿನಗಳೇ ಅದಕ್ಕೆ ಹೂ ತರಿಸುತ್ತವೆ. ಹೂ ಬರುವ ಎರಡು-ಮೂರು ತಿಂಗಳ ಮೊದಲೇ ಕಾಯಿಬಿಡುವ ಮರಗಳಿಗೆ ನೀರು ನಿಲ್ಲಿಸಬೇಕು. ಇಲ್ಲದಿದ್ದರೆ ಹೂಗೊಂಚಲಿನ ಬದಲು ಚಿಗುರು ಬರಬಹುದು. ಕಾಯಿ ಬಟಾಣಿ ಗಾತ್ರವಾದ ಮೇಲೆ ನೀರು ಶುರುಮಾಡಿ.

ಕಾಫಿ ತೋಟದಲ್ಲಿ ಇದೇ ಕೆಲಸ ಹೂಮಳೆಯದು. ಬರದಲ್ಲಿ ಮಲಗಿದ ಮೊಗ್ಗು ಒಂದೇ ಹದ ಮಳೆಗೆ ಎದ್ದು, ಸುಮಾರು ಎಂಟು-ಹತ್ತು ದಿನಗಳಲ್ಲಿ ಬೆಳ್ಳಗೆ ಅರಳುತ್ತದೆ. ಮಳೆ ತಡವಾದರೆ ಬೆಳೆಗಾರರು ಸ್ಪ್ರಿಂಕ್ಲರ್ ಹಾಕುತ್ತಾರೆ, ಮುಖ್ಯವಾಗಿ ರೊಬಸ್ಟಾಗೆ.

ಮತ್ತೆ ದಾಳಿಂಬೆಗೆ ಬಂದರೆ, ಕಾಯಿ ಕಚ್ಚಿದ ಮೇಲೆ ನೀರು ಏರಿಳಿಯಬಾರದು. ಒಣಗಿಸಿ ಮತ್ತೆ ತೋಯಿಸಿದರೆ ಹಣ್ಣು ಸೀಳುತ್ತದೆ. ಬುಡಕ್ಕೆ ಒಣಹುಲ್ಲು ಅಥವಾ ಕಬ್ಬಿನ ರವದಿ ಹೊದಿಸಿ, ಹನಿ ನೀರನ್ನು ಸಮವಾಗಿ ಕೊಟ್ಟರೆ ತೇವ ಉಳಿಯುತ್ತದೆ.